ತೆಗೆದಿಟ್ಟ ಬಳೆ

ಜೂನ್ 16, ಸೋಮವಾರ. ಬಾಗಲವಾಡ.

ಕೈ ಹಗುರವೆನಿಸಿ ನಿದ್ದೆ ಹತ್ತುತ್ತಿಲ್ಲ.

ಗಂಡ ಗಡಿಯಲ್ಲಿ ಸತ್ತಾಗ ಓಣಿಯೆಲ್ಲ ಕೂಡಿದರೂ ನಾನು ಹಸಿರು ಬಳೆ ಒಡೆಯಗೊಡಲಿಲ್ಲ. ಇವತ್ತು ಸೈನಿಕರ ವಿಧವೆಯರ ಫೆಲೋಶಿಪ್‌ಗೆಂದು ಮನೆ ನೋಡಲು ಮಾನ್ವಿಯಿಂದ ಅಧಿಕಾರಿ ಬರುವವರಿದ್ದರು.

"ಒಂದ್ ತಾಸು ಬಳಿ ತೆಗದಿಡು ನಾಗವೇಣಿ, ಸಾಹೇಬ್ರಿಗೆ ಕರುಣಾ ಬರ್ಲಿ," ಎಂದಳು ಅತ್ತೆ ಮೂಕಮ್ಮ.

ಎಂ.ಎ. ಓದುವ ಆಸೆಗೆ ನಾನೇ ಕಳಚಿ ಅವಳ ಕೈಗಿತ್ತೆ. ದಡ್ಡಿ.

ಆತ ನನ್ನ ಕೈ ನೋಡಲೇ ಇಲ್ಲ. ಏನು ಓದುತ್ತೀರಿ ಎಂದು ಕೇಳಿದ, ಫೆಲೋಶಿಪ್ ನಿಮಗೆ ಸಿಕ್ಕ ಹಾಗೆಯೇ ಎಂದ, ಚಹಾ ಕುಡಿದು ಹೋದ.

ಬಳೆ ಕೇಳಿದೆ. ಅತ್ತೆ ರುಬ್ಬುವ ಒಳಕಲ್ಲಿನತ್ತ ಕೈ ತೋರಿಸಿದಳು. ಎಲ್ಲ ಚೂರು.

"ಅವತ್ತ ಒಡಿಗೊಡ್ಲಿಲ್ಲ, ಇವತ್ತ ನೀನ ತೆಗದು ಕೊಟ್ಟಿ, ನಾ ಒಡದೆ," ಎಂದು ಕಸಬರಿಗೆ ಕೈಗಿಟ್ಟಳು. "ನನ್ನ ಮಗ ಇವತ್ತ ಸತ್ತ ನೋಡು."

ಗುಡಿಸಿದೆ. ಬೆರಳಲ್ಲಿ ಒಂದು ಚೂರು ನೆಟ್ಟು ಉಳಿದಿದೆ. ಅದನ್ನು ತೆಗೆಯುವುದಿಲ್ಲ.