ಹೂವು ಬಿದ್ದ ಕಡೆ

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ 10
ಇವತ್ತೂ ವೆಬ್‌ಕ್ಯಾಮ್ ಸಾಫ್ಟ್‌ವೇರ್ ಹುಡುಕಾಟವೇ. ನನ್ನ ಹಳೇ ಡಬ್ಬದಲ್ಲಿ ವಿಂಡೋಸ್ — ಹೆಸರಿಗೆ ಕಿಟಕಿ, ಗಾಳಿಯಿಲ್ಲ. ಮೊಮ್ಮಗಳು ಅನ್ವಿತಾಳ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್. ಮುಂಬೈಯಲ್ಲಿ ಮನೋರಮಕ್ಕ ನೋಡುವುದು ಮ್ಯಾಕ್‌ನಲ್ಲಿ. ಒಂದಕ್ಕೆ ಆಗುವುದು ಇನ್ನೊಂದಕ್ಕೆ ಆಗದು. ಎಲ್ಲವೂ ಉಚಿತವಂತೆ. ಒಂದು ಹದಿನೈದು ದಿನ ಉಚಿತ, ಆಮೇಲೆ ಅನುಚಿತ. ಮೂರು ಡೌನ್‌ಲೋಡ್, ತಲೆ ಓವರ್‌ಲೋಡ್.

ಅಕ್ಕನಿಗೆ ಹಾರ್ಟ್ ಆಪರೇಷನ್, 14ಕ್ಕೆ. ತಡವಾದರೆ ಕಷ್ಟ ಎಂದಿದ್ದಾರೆ ಡಾಕ್ಟರು. ಆಕೆ ಒಪ್ಪಬೇಕಾದರೆ ಕುಲದೇವರ ಹೂಪ್ರಸಾದ ಆಗಬೇಕು. ದೇವರ ಬಲದಿಂದ ಹೂ ಬಿದ್ದರೆ ಹೌದು, ಎಡದಿಂದ ಬಿದ್ದರೆ ಬೇಡ. ನೋಡಿ ಹೇಳುತ್ತೇನೆ ಎಂದೆ.

“ನಿನ್ ಬಾಯಿ ನಂಬುಕಾತ್ತಾ? ನನ್ ಮದಿ ದಿನ ಗಂಡಿನ್ ದಿಬ್ಬಣ ಹೆಮ್ಮಾಡಿಯಿಂದ ವಾಪಾಸ್ ಹೋಯ್ತ್ ಅಂದವ ನೀನ್! ವಿಡಿಯೋ ಕಳ್ಸ್.”

ನನ್ನದು ಬಟನ್ ಫೋನು, ಅನ್ವಿತಾಳ ಫೋನಿನ ಕ್ಯಾಮೆರಾ ಕೆಟ್ಟಿದೆ. ಲ್ಯಾಪ್‌ಟಾಪೇ ಗತಿ.

ಫೆಬ್ರವರಿ 4
ಲಿನಕ್ಸಿಗೆ ಪೂರ್ತಿ ಪುಕ್ಕಟೆಯದೊಂದು ಸಿಕ್ಕಿತು. ‘ಮಿರರ್’ ಅಂತಿದ್ದಲ್ಲಿ ಟಿಕ್ ಹಾಕಿದೆ. ಬೈತಲೆ ಕ್ಷೌರದಂಗಡಿ ಕನ್ನಡಿಯಲ್ಲಿದ್ದ ಹಾಗೇ ಕಂಡಿತು. ಖುಷಿ.

ಗುಡಿಯಲ್ಲಿ ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲಿಟ್ಟೆ. ಅರ್ಚಕ ಮಂಜಯ್ಯ ಪ್ರಾರ್ಥಿಸಿದರು. ಹತ್ತು ನಿಮಿಷ... ಹೂ ಬಿತ್ತು. ಬಲಕ್ಕೆ! ಕಣ್ಣಾರೆ ಕಂಡೆ.
“ಹ್ವಾಯ್, ಅಕ್ಕನಿಗೆ ಹೆದ್ರುದ್ ಬ್ಯಾಡ ಅನ್ನಿ,” ಅಂದರು ಮಂಜಯ್ಯ.
ಅನ್ವಿತಾ ಕಾಲೇಜಿಗೆ ಹೋಗುವ ಅವಸರದಲ್ಲೇ ವಿಡಿಯೋ ಕಳಿಸಿದಳು.

ಫೆಬ್ರವರಿ 7
ಮೂರು ದಿನ ಸುದ್ದಿಯಿಲ್ಲ. ಇವತ್ತು ಅಕ್ಕನ ಫೋನ್.
“ಆಪರೇಷನ್ ಬ್ಯಾಡ ಅಂದೆ ಡಾಕ್ಟ್ರಿಗೆ.”
“ಎಂತಕ್ಕೆ? ಬಲಕ್ಕೆ ಬಿತ್ತಲ್ಲೆ!”
“ಎಡಕ್ಕೆ ಬಿತ್ತ್. ಅದೂ ಹೋಯ್ಲಿ, ಮಂಜಯ್ಯನ ಜನಿವಾರ ಎಂತಕ್ಕೆ ಬಲ ಹೆಗಲಿಗೆ? ಈಗ್ಳೇ ನನ್ ಶ್ರಾದ್ಧ ಮಾಡ್ತ್ರಾ?”
ತಮಾಷೆಯ ದನಿಯಲ್ಲ.

ವಿಡಿಯೋ ಹಾಕಿ ನೋಡಿದೆ. ಹೂ ಎಡಕ್ಕೇ. ಜನಿವಾರ ಬಲ ಹೆಗಲಿಗೇ. ಕಣ್ಣು ಸುಳ್ಳೋ, ಕಂಪ್ಯೂಟರು ಸುಳ್ಳೋ... ದೇವರೂ ನನ್ನ ಹಾಗೆ ಕೀಟಲೆ ಕಲಿತನೋ?

ಫೆಬ್ರವರಿ 8
“ಅಜ್ಜಯ್ಯ, ಮಿರರ್ ಟಿಕ್ ಹಾಕಿದ್ ಯಾರ್? ಎಲ್ಲ ಉಲ್ಟಾ ಆಯಿತ್ತ್!” ಅನ್ವಿತಾ ತಲೆ ಚಚ್ಚಿಕೊಂಡಳು. ತಿರುಗಿಸಿ ಮತ್ತೆ ಕಳಿಸಿದಳು. ಜನಿವಾರ ಎಡ ಹೆಗಲಿಗೆ ಬಂತು, ಹೂ ಬಲಕ್ಕೆ.

ಅಕ್ಕ ಒಪ್ಪಲಿಲ್ಲ. “ಬೇಕಾದಂಗೆ ತಿರ್ಗ್ಸಿ ಹಾಕುಕೆ ಇದೆಂತ ದೋಸೆಯಾ?”
“ಮಂಜಯ್ಯನತ್ರ ಕೇಳ್.”
“ಅವ ನಿನ್ ದೋಸ್ತ್.”
ದೋಸೆ, ದೋಸ್ತು — ಬೇರೆ ದಿನವಾದರೆ ಬಿಡುತ್ತಿದ್ದೆನೇ?
“ಎದ್ರಿಗ್ ಬಂದ್ ಹೇಳ್, ವೈಕುಂಠ. ಮುಖ ಕಂಡ್ರೆ ಗೊತ್ತಾತ್ತ್ ನಂಗೆ.”
14ರ ಆಪರೇಷನ್ ಸರದಿಯನ್ನು ಡಾಕ್ಟರು ಇನ್ನೂ ಯಾರಿಗೂ ಕೊಟ್ಟಿಲ್ಲವಂತೆ.

ಫೆಬ್ರವರಿ 11. ಮುಂಬೈ ರೈಲು
ಬೈಂದೂರು ದಾಟಿತು. ಸುಳ್ಳು ಹೇಳುವಾಗ ನನ್ನ ಮುಖ ಕಲ್ಲು. ಎಪ್ಪತ್ತು ವರ್ಷದ ಸಾಧನೆ. ನಿಜ ಹೇಳುವಾಗ ಹೇಗಿರುತ್ತದೆ? ಗೊತ್ತಿಲ್ಲ. ಮೆಲ್ಲಗೆ ಹೇಳಿ ನೋಡಿದೆ. ಹಾಳು ನಗು ಬಂತು.
“ಎಂತಾಯ್ತ್ ಅಜ್ಜಯ್ಯ?” ಎದುರು ಸೀಟಿನ ಹೆಂಗಸು.
ಅವರಿಗೇ ಹೇಳಿದೆ. “ಹೂ ಬಲಕ್ಕೇ ಬಿದ್ದದ್ದ್. ನಾನೇ ಕಂಡೆ.”
“ಹೌದಾ? ಒಳ್ಳೇದಾಯ್ತ್,” ಅಂದರು.
ನಂಬಿದರು! ಇಷ್ಟು ಸುಲಭವೇ? ಅಲ್ಲ... ಇವರಿಗೆ ನನ್ನ ಪರಿಚಯವಿಲ್ಲ. ಅಕ್ಕನಿಗೆ ಎಪ್ಪತ್ತು ವರ್ಷದ ಪರಿಚಯ. ನಾಳೆ ಇದೇ ಮುಖ ಹೊತ್ತು ಆಕೆಯೆದುರು ನಿಲ್ಲಬೇಕು.