ಪುರ್ತಗೇರಿ ಕೂಸಿನ ಗುಳ್ಳಿ

೧೮೫೫ನೇ ಇಸವಿ, ಜನೇವರಿ ೨೪, ಬುಧವಾರ. ಗಜೇಂದ್ರಗಡ.

ವರದಿಯಾಗ ಸುಳ್ಳು ಬರದೇನಿ. ಸಿಡುಬಿಗೆ ಚುಚ್ಚೂ ಕೆಲಸ ಕಲಿಯಾಕ ಈ ಮನ್ಯಾಗ ಉಳಕೊಂಡಿರೂ ಆರು ಮಂದ್ಯಾಗ ನಂದೇ ಚಲೋ ವರದಿ ಅಂದರು ಕಾಶೀಂಸಾಬ ಮಾಸ್ತರು.

ಹೋದ ವಾರ ಪುರ್ತಗೇರಿ ಹಳ್ಳಿ ಕಳಕವ್ವನ ಕೂಸಿಗೆ ಚುಚ್ಚಿದ್ದೆ. ಇವತ್ತು ಎಂಟನೇ ದಿನ, ತೋಳಿನ ಗುಳ್ಳಿ ತುಂಬಿತ್ತು. ಅದರ ನೀರು ಇವತ್ತೇ ಬಾಜೂಮನಿ ಕೂಸಿಗೆ ಚುಚ್ಚಬೇಕಿತ್ತು. ತಪ್ಪಿದರ ನೀರು ಕೆಟ್ಟುಹೋಗತೈತಿ, ನಾನೂ ಈ ಕೆಲಸ ಬಿಟ್ಟು ಗಂಟುಮೂಟಿ ಕಟ್ಟಬೇಕಿತ್ತು.

ಸಿಡುಬಿನ ದೇವಿ ಬಂದ ಮನಿಯವರಂಗ ಕಳಕವ್ವ ಬಾಗಲಿಗೆ ಬೇವು ಕಟ್ಟಿದ್ದಳು. ಅಡಗಿಗೆ ಒಗ್ಗರಣಿ ಹಾಕೂದೂ ಬಿಟ್ಟಿದ್ದಳು.

"ತಾಯಿ ಬಂದಾಳ್ರಿ, ಮುಟ್ಟಬ್ಯಾಡ್ರಿ."

"ತಾಯಿ ಅಲ್ಲ ಯಕ್ಕಾ, ನಾನೇ ಹಾಕಿದ್ದು."

"ನಿಮ್ಮ ಕೈಲೇ ಬಂದಾಳ, ಖರೇ. ಕಳಸೂದು ನಿಮ್ಮ ಕೈಯಾಗಿಲ್ಲ. ಆಕೀನ್ನ ಕೇಳ್ರಿ."

ಮಾಸ್ತರು ಕಲಿಸಿದ ಮಾತೆಲ್ಲಾ ಹೇಳಿದೆ. ಆಕಿ ನನ್ನ ಮಾರಿ ಮ್ಯಾಲಿನ ಸಿಡುಬಿನ ಕಲೆ ನೋಡಕೋಂತ ಕುಂತಳು.

ಕಡೀಕೆ ಹಿತ್ತಲದಾಗ ತಣ್ಣೀರು ಹೊಯ್ಕೊಂಡು ಬಂದೆ. ಕೂಸಿನ ಮುಂದ ಕೈ ಮುಗದು, "ನಮ್ಮವ್ವಾ, ಬಾಜೂಮನಿಗೂ ಬಾ" ಅಂದೆ. ಕಳಕವ್ವ ತಾನೇ ಕೂಸಿನ ತೋಳು ಹಿಡದು ಕೊಟ್ಟಳು. ಸೂಜಿಗೆ ನೀರು ಚಲೋ ಬಂತು. ಬಾಜೂಮನಿ ಕೂಸಿಗೆ ಚುಚ್ಚಿ ಬಂದೆ.

"ತಿಳಿಸಿ ಹೇಳಿದೆ, ಒಪ್ಪಿದರು" ಅಂತ ವರದಿ ಬರದೆ.

ಹತ್ತು ವರ್ಷದವ ಇದ್ದಾಗ ತಂಗಿ ಗೌರವ್ವನ ಹಾಸಿಗಿ ಮುಂದ ಹಿಂಗೇ ಕೈ ಮುಗದಿದ್ದೆ, ಹೋಗವ್ವಾ ತಾಯಿ ಅಂತ. ತಾಯಿ ತಂಗೀನ್ನ ಕರಕೊಂಡೇ ಹೋದಳು. ಅವತ್ತಿನಿಂದ ಯಾವ ದೇವರಿಗೂ ಕೈ ಮುಗದವನಲ್ಲ.

ಇವತ್ತು ಕೈ ಮುಗಿಯೂವಾಗ ಒಳಗ ನಗು ಬಂದೀತು ಅಂದಕೊಂಡಿದ್ದೆ. ಬರಲಿಲ್ಲ.