ಮೂರನೇ ಮಹಡಿಯ ರೊಟ್ಟಿ ಸದ್ದು

ಅಪ್ಪಾ,

ನಿನ್ನ ಹನ್ನೊಂದನೆಯ ದಿನದ ಕಾರ್ಯ ನಡೆಯುತ್ತಿದ್ದಾಗಲೇ ನಿನ್ನ ಫೋನು ಹೊಡೆದುಕೊಂಡಿತು. ಮೇಲಿನ ಯಾವುದೋ ಮನೆಯವರು. "ಅಣ್ಣ, ನಲ್ಲೀಲಿ ನೀರಿಲ್ಲ, ಮೋಟರ್ ಹಾಕಿಲ್ವಾ?" ಎಂದರು. ಆಮೇಲೆ ನೆನಪಾಗಿ ಫೋನಿಡಲು ಹೋದರು. "ಹಾಕ್ತೀನಿ" ಎಂದು ನಾನೇ ಎದ್ದು ಹೋದೆ. ಬಿಟಿಎಂ ಲೇಔಟ್‌ನಲ್ಲಿ ನೀನು ನೋಡಿಕೊಳ್ಳುತ್ತಿದ್ದ ಈ ಹದಿನಾಲ್ಕು ಮನೆಗಳ ಮ್ಯಾನೇಜರ್ ಆಗಿದ್ದು ನಾನು ಹಾಗೆ. ಬಿಲ್ಡಿಂಗ್ ಓನರ್ ಜಯನಗರದ ಮೇಡಂ "ಕಾಲೇಜಿಗೆ ಈಗ ತಾನೇ ಸೇರಿದೀಯ, ಆಗುತ್ತಾ ನಿನ್ ಕೈಲಿ?" ಎಂದು ಕೇಳಿದರು. ಆಗುತ್ತೆ ಎಂದುಬಿಟ್ಟೆ. ಯಾಕೆ ಹಾಗೆ ಹೇಳಿದೆನೋ...

ನೀನು ಹಾಸ್ಟೆಲ್‌ಗೆ ಬಂದಿದ್ದ ಒಂದು ಭಾನುವಾರ, ವಾರ್ಡನ್ ಮೇಜಿನ ಮೇಲಿದ್ದ ಕಂಪ್ಲೇಂಟ್ ಪುಸ್ತಕ ತಿರುವಿ ನೋಡಿದ್ದೆಯಲ್ಲ, ನೆನಪಿದೆಯಾ? "ಇದ್ರಲ್ಲಿ ಯಾರು ಯಾರ ಮೇಲೆ ಹೇಳಿದ್ರು ಅಂತ ಎಲ್ರಿಗೂ ಗೊತ್ತಾಗುತ್ತಲ್ಲ ಪುಟ್ಟಿ" ಎಂದಿದ್ದೆ ನೀನು. "ಗೊತ್ತಾಗ್ಬೇಕಪ್ಪ, ಅದೇ ಫೇರ್" ಎಂದಿದ್ದೆ ನಾನು. ಎಂಟು ವರ್ಷ ಅಲ್ಲಿ ಬೆಳೆದವಳಿಗೆ ದೂರು ಎಂದರೆ ಅದೇ: ರೂಮ್ ನಂಬರ್, ಹೆಸರು, ಕೆಳಗೆ ಸಹಿ. ನೀನು ಒಂದು ಚೀಟಿಯೂ ಬರೆದಿಡದೆ ಕೆಲಸ ಮಾಡುತ್ತಿದ್ದದ್ದು ನನಗೆ ಸೋಮಾರಿತನದಂತೆ ಕಂಡಿತ್ತು. ಕ್ಷಮಿಸು. ಮೊದಲ ತಿಂಗಳಲ್ಲೇ ಎಲ್ಲ ಮನೆಯವರನ್ನೂ ಸೇರಿಸಿ ಒಂದು ವಾಟ್ಸಾಪ್ ಗ್ರೂಪ್ ಮಾಡಿದೆ. ಓನರ್ ಮೇಡಂ ಅವರನ್ನೂ ಸೇರಿಸಿದೆ.

ಶೇಷಾದ್ರಿ ಅಂಕಲ್ ಫೋನ್ ಮಾಡಿದ ಬೆಳಿಗ್ಗೆ ನಾನು ಇಂಟರ್ನಲ್ಸ್‌ಗೆ ಓದುತ್ತಿದ್ದೆ. ಎರಡನೇ ಮಹಡಿಯಲ್ಲಿ ಒಬ್ಬರೇ ಇರುವ ರಿಟೈರ್ಡ್ ಮೇಷ್ಟ್ರು, ನಿನಗೆ ಹೇಳಬೇಕಾಗಿಲ್ಲ. "ನೋಡಮ್ಮ, ಮೇಲ್ಗಡೆ ಗಂಗಮ್ಮ ಐದು ಗಂಟೆಗೇ ಶುರು ಹಚ್ಕೋತಾಳೆ. ದಬ, ದಬ, ದಬ. ನನ್ ತಲೆ ಮೇಲೇ ರೊಟ್ಟಿ ತಟ್ಟಿದ ಹಾಗೆ." ವಿಜಯಪುರದ ಕಡೆಯಿಂದ ಬಂದ ಗಂಗಕ್ಕ ಖಾನಾವಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತಾರೆ ಎಂಬುದು ನನಗೂ ಗೊತ್ತಿತ್ತು. ಅದೇ ಅವರ ಜೀವನ. ಆದರೂ ಎರಡು ನಿಮಿಷದಲ್ಲಿ ಇಂಗ್ಲಿಷಿನಲ್ಲಿ ನೋಟಿಸ್ ಟೈಪ್ ಮಾಡಿ ಗ್ರೂಪಿಗೆ ಹಾಕಿದೆ: ಇನ್ನೂರ ಮೂರರ ಶೇಷಾದ್ರಿಯವರಿಂದ ಮುನ್ನೂರ ಮೂರರ ಗಂಗಮ್ಮನವರ ಮೇಲೆ ದೂರು, ಮನೆಯಲ್ಲಿ ವ್ಯಾಪಾರ, ಮುಂಜಾನೆ ಶಬ್ದ, ತಕ್ಷಣ ನಿಲ್ಲಿಸತಕ್ಕದ್ದು. ಕಳಿಸಿದ ಮೇಲೆ ಏನೋ ಸಾಧಿಸಿದ ಹಾಗೆ ಅನ್ನಿಸಿತು.

ಅವತ್ತು ಸಂಜೆ ಕಾಲೇಜಿನಿಂದ ಬಂದಾಗ ಗಂಗಕ್ಕ ಮೆಟ್ಟಿಲಲ್ಲಿ ನಿಂತಿದ್ದರು. ಸೆರಗಿನ ತುದಿಯಲ್ಲಿ ಹಿಟ್ಟು. "ಇಂಗ್ಲೀಷು ನಂಗ ಬರಂಗಿಲ್ಲ ತಂಗಿ, ಎದುರಿನ ಮನಿಯಾಕಿ ಓದಿ ಹೇಳಿದ್ಲು" ಎಂದರು. "ನಿಮ್ಮಪ್ಪಾರೂ ಒಂದಿನ ಬಂದಿದ್ರು. ಹಲಗಿ ಕೆಳಗ ಗೋಣಿಚೀಲ ಮಡಚಿ ಹಾಕವ್ವ, ನಂಗ ಸಪ್ಪಳಕ್ಕ ನಿದ್ದಿ ಬರವಲ್ದು ಅಂದಿದ್ರು. ಎಲ್ಲಾರಕಿಂತ ಕೆಳಗಿನ ಮನಿಯಾಗ ಮಲಗೋ ಮನಷ್ಯಾ, ಮೂರನೇ ಮಾಳಿಗಿ ಸಪ್ಪಳ ಹೆಂಗ ಕೇಳ್ತದ ಅಂತ ನಾ ಆವಾಗ ವಿಚಾರ ಮಾಡ್ಲಿಲ್ಲ ನೋಡು." ಅವರು ನಗಲಿಲ್ಲ. "ನೀನು ಹದಿನಾಕ ಮನಿಗೂ ಡಂಗುರ ಹೊಡದಿ."

ಶೇಷಾದ್ರಿ ಅಂಕಲ್ ಬಾಗಿಲು ತೆರೆದವರೇ ಒಳಗೆ ಕರೆಯದೆ ನಿಂತದ್ದು ಮರುದಿನ, ನಾನು ಅವರ ಮನೆಗೆ ಹೋದಾಗ. ಅಷ್ಟು ಸಿಟ್ಟಾಗಿದ್ದನ್ನು ನಾನು ನೋಡಿರಲಿಲ್ಲ. "ನಾನು ಕಂಪ್ಲೇಂಟ್ ಕೊಟ್ಟೆ ಅಂತ ಯಾರಮ್ಮ ಹೇಳಿದ್ದು ನಿಂಗೆ?"

"ನೀವೇ ಫೋನ್ ಮಾಡಿದ್ರಲ್ಲ ಅಂಕಲ್."

"ಹೇಳ್ಕೊಂಡೆ ಕಣಮ್ಮ. ನಿಮ್ಮಪ್ಪನ ಹತ್ರ ಎರಡು ವರ್ಷದಿಂದ ಹೇಳ್ಕೋತಾನೇ ಇದ್ದೆ. ಬರೋನು, ಕಾಫಿ ಕುಡಿಯೋನು, ಹೌದು ಸಾರ್ ಸದ್ದು ಜಾಸ್ತೀನೇ ಅನ್ನೋನು, ಹೋಗೋನು. ಹಬ್ಬಕ್ಕೆ ಆ ಹೆಣ್ಮಗಳು ಹೋಳಿಗೆ ತಂದ್ಕೊಡ್ತಾಳೆ ನಂಗೆ. ಇನ್ಮೇಲೆ ಯಾವ ಮುಖ ಇಟ್ಕೊಂಡು ಈಸ್ಕೊಳ್ಳಲಿ, ಹೇಳು."

ಮೆಟ್ಟಿಲಲ್ಲೇ ಕೂತು ಗ್ರೂಪಿನಿಂದ ಆ ನೋಟಿಸ್ ತೆಗೆದೆ. ಇದನ್ನೆಲ್ಲ ನೀನು ಒಮ್ಮೆಯಾದರೂ ನನಗೆ ಕಲಿಸಬಾರದಿತ್ತಾ? ಅಥವಾ ಕಲಿಸಲು ನಾನು ಮನೆಯಲ್ಲಿ ಇದ್ದದ್ದಾದರೂ ಎಷ್ಟು ದಿನ?

ಗ್ರೂಪಿನಲ್ಲಿ ಮೇಡಂ ಕೂಡ ಇದ್ದಾರೆಂದು ನೆನಪಾಗಿ ಜಯನಗರಕ್ಕೆ ಓಡಿಹೋಗಿ ಅವರ ಮುಂದೆ ನಿಂತೆ. ಗ್ರೂಪಿನಿಂದ ನೋಟಿಸ್ ತೆಗೆದಿದ್ದೇನೆ, ತಪ್ಪು ನನ್ನದು ಎಂದೆ. "ತೆಗೆದ್ರೆ ಏನಾಯ್ತು, ಎಲ್ರೂ ಓದಾಯ್ತಲ್ಲ" ಎಂದರು. "ರೊಟ್ಟಿ ಮಾಡ್ಲಿ, ನಂಗೇನು ತೊಂದ್ರೆ ಇಲ್ಲ. ಆದ್ರೆ ಕೆಳಗಿನವ್ರಿಗೆ ನಿದ್ದೆ ಇಲ್ಲ ಅಂತ ಬರಹದಲ್ಲಿ ಬಂದ ಮೇಲೆ ನಾನು ಸುಮ್ನೆ ಕೂತ್ರೆ ನಾಳೆ ಎಲ್ರೂ ಕೇಳ್ತಾರೆ. ತಿಂಗಳ ಕೊನೇಲಿ ಖಾಲಿ ಮಾಡ್ಸು." ರೊಟ್ಟಿ ನಿಲ್ಲಿಸಲಾಗದ ಗಂಗಕ್ಕ ಆಗಲೇ ಅರೆಕೆರೆ ಕಡೆ ಮನೆ ನೋಡಲು ಶುರು ಮಾಡಿದ್ದರು. ರೊಟ್ಟಿ ಎಂದ ಕೂಡಲೇ ಇಬ್ಬರು ಓನರ್‌ಗಳು ಇಲ್ಲ ಎಂದಿದ್ದರು. ಖಾನಾವಳಿ ಇರುವುದು ಇಲ್ಲಿ, ನಮ್ಮ ರಸ್ತೆಯ ತುದಿಯಲ್ಲಿ.

ಬಸ್ಸಿನಲ್ಲಿ ವಾಪಸು ಬರುವಾಗ ಆ ಯೋಚನೆ ಬಂತು. ನೆಲಮಹಡಿಯಲ್ಲಿ ತಟ್ಟಿದರೆ ಕೆಳಗೆ ಯಾರಿದ್ದಾರೆ? ನೆಲಮಹಡಿಯಲ್ಲಿ ಇರುವುದು ಒಂದೇ ಮನೆ, ನಮ್ಮದು. ಮೇಡಂಗೆ ಫೋನ್ ಮಾಡಿ ಕೇಳಿದೆ, "ಅದಲು ಬದಲು ಮಾಡ್ಕೊಂಡ್ರೆ ಮಾಡ್ಕೊಳ್ಳಿ" ಎಂದರು. ಅಮ್ಮನಿಗೆ ಹೇಳಿದಾಗ ಅವಳು ತೊಳೆಯುತ್ತಿದ್ದ ಪಾತ್ರೆ ಹಾಗೇ ಬಿಟ್ಟಳು. "ವರ್ಷ ತುಂಬಿಲ್ಲ, ಅವ್ರು ಓಡಾಡಿದ ಮನೆ. ನೀನು ಮಾಡಿದ್ದಕ್ಕೆ ಅವ್ರ ಜಾಗ ಯಾಕೆ ಬಿಡ್ಬೇಕು?" ಗಂಗಕ್ಕನೂ ಒಪ್ಪಲಿಲ್ಲ. "ಅಣ್ಣಾರು ಜೀವ ಬಿಟ್ಟ ಮನಿಯಾಗ ನಾ ಹೆಂಗ ಒಲಿ ಹಚ್ಚಲಿ ತಂಗಿ?" ಎಂದು ಬಾಗಿಲು ಮುಂದೆ ಮಾಡಿದರು. ಎರಡು ದಿನ ಅಮ್ಮ ನನ್ನ ಜೊತೆ ಕೂತು ಉಣ್ಣಲಿಲ್ಲ. ಊಟ ಬಡಿಸುವಳು, ಎದ್ದು ಹೋಗುವಳು. ಮೂರನೆಯ ದಿನ ಕಾಲೇಜಿನಿಂದ ಬಂದೆ. ಮೊಳೆಗೆ ನೇತುಹಾಕಿದ್ದ ನಿನ್ನ ಶರ್ಟುಗಳನ್ನು ಅವಳು ಒಂದೊಂದೇ ಇಳಿಸಿ ಮಡಚುತ್ತಿದ್ದಳು. ಮಂಚದ ಮೇಲೆ ಗಂಗಕ್ಕ ಕೂತಿದ್ದರು. ಅಮ್ಮನೇ ಮೂರು ಮಹಡಿ ಹತ್ತಿ ಹೋಗಿ ಕರೆತಂದಿದ್ದಳಂತೆ. ಇಬ್ಬರ ಕಣ್ಣೂ ಕೆಂಪಾಗಿತ್ತು. ಏನು ಮಾತಾಡಿಕೊಂಡರೋ, ನನಗೆ ಯಾರೂ ಹೇಳಲಿಲ್ಲ. ಉಳಿದ ಶರ್ಟುಗಳನ್ನು ನಾನೂ ಮಡಚಿದೆ.

ಈ ಭಾನುವಾರ ಸಾಮಾನು ಸಾಗಿಸುತ್ತೇವೆ. ಅಮ್ಮನ ಮಂಡಿಗೆ ಆ ಮೆಟ್ಟಿಲು ಕಷ್ಟ, ನನಗೆ ಗೊತ್ತು. ಗಂಗಕ್ಕ ನನ್ನೊಂದಿಗೆ ಇನ್ನೂ ಮೊದಲಿನ ಹಾಗಿಲ್ಲ. ನಾನು ಸರಿಪಡಿಸಿದೆನಾ, ಇಲ್ಲ ಇನ್ನೊಂದು ತಪ್ಪನ್ನು ಅದರ ಮೇಲೆ ಪೇರಿಸಿದೆನಾ, ನೀನಿದ್ದಿದ್ದರೆ... ಹೋಗಲಿ. ನಿನಗೆ ತಿಳಿಸಬೇಕಾದದ್ದು ಇಷ್ಟೇ. ನೀನು ಹೊರಟಾಗ ಇದ್ದ ಮನೆಯಲ್ಲಿ ಇನ್ನು ಮೇಲೆ ನಾವಿರುವುದಿಲ್ಲ. ನಮ್ಮನ್ನು ನೋಡಬೇಕೆನಿಸಿದರೆ ಮೂರನೇ ಮಹಡಿಗೆ ಬಾ, ಬಲಗಡೆ ಮೊದಲನೇ ಬಾಗಿಲು. ಲಿಫ್ಟ್ ಇಲ್ಲ. ನಿಧಾನವಾಗಿ ಹತ್ತು ಅಪ್ಪಾ, ಎದೆ ಹಿಡಿದುಕೊಂಡರೆ ಅಲ್ಲಲ್ಲೇ ಕೂತುಕೋ, ನಾನು ಇಳಿದು ಬರುತ್ತೇನೆ.

ನಿನ್ನ
ಪುಟ್ಟಿ